ತಪ್ಪು ಮಾಡಲೆಂದೇ ಇರುವ ಆಕಾಶ

(ಕಲಾದಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಗಣಿತದ ಮಾಸ್ತರರೊಬ್ಬರ ನೆನಪಿಗೆ ಅವರ ಶಿಷ್ಯರು ಇರಿಸಿರುವ ದತ್ತಿ ಇದು. ವಿಷಯ ನಿಮ್ಮ ಕೆಲಸದ್ದೇ ಇರಲಿ, ಪಿಯುಸಿ ಓದುವ ಹುಡುಗ ಹುಡುಗಿಯರಿಗೂ ತಿಳಿಯುವ ಹಾಗೆ ಹೇಳಿ ಎಂದು ಸಂಘಟಕರು ಕೇಳಿಕೊಂಡರು. ವಿಮಾನ ಸಂಚಾರ ನಿಯಂತ್ರಕರು ತರಬೇತಿ ಪಡೆಯುವ ಸಿಮ್ಯುಲೇಟರುಗಳಿವೆಯಲ್ಲ, ಅವುಗಳ ಹಿಂದಿನ ಕಂಪ್ಯೂಟರುಗಳನ್ನು ಸಜ್ಜಾಗಿಡುವುದು ನನ್ನ ಕೆಲಸ. ಹಳೆಯ ವ್ಯವಸ್ಥೆಯನ್ನು ಹೊಸದಕ್ಕೆ ಸಾಗಿಸುವುದು, ಕೈಯಿಂದ ಮಾಡುತ್ತಿದ್ದುದನ್ನು ಪ್ರೋಗ್ರಾಮಿನಿಂದ ಮಾಡಿಸುವುದು. ಹೊರಗಿನವರ ಕಣ್ಣಿಗೆ ಬೀಳದ ಕೆಲಸ. ಇದರ ಮೇಲೆ ಎಷ್ಟು ಜನರ ಜೀವ ನಿಂತಿದೆ ಎಂಬುದನ್ನು ನೆನೆದರೆ ಇದನ್ನು ಒಮ್ಮೆ ಬಿಡಿಸಿ ಹೇಳಬೇಕು ಅನಿಸುತ್ತದೆ.

ನಿಲ್ದಾಣಗಳಿಂದಲೇ ಶುರು ಮಾಡೋಣ. ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದದ್ದು 2008ರ ಮೇ 24ರಂದು. 2019ರ ಡಿಸೆಂಬರ್ 6ರಂದು ಅಲ್ಲಿ ಎರಡನೆಯ ರನ್‌ವೇ ಶುರುವಾಯಿತು. 2023-24ರ ಒಂದೇ ವರ್ಷದಲ್ಲಿ ಆ ನಿಲ್ದಾಣದಲ್ಲಿ ಓಡಾಡಿದ ಪ್ರಯಾಣಿಕರು 3.7 ಕೋಟಿಗೂ ಹೆಚ್ಚು. ನಮ್ಮ ಕಡೆಗೆ ಬಂದರೆ ಹುಬ್ಬಳ್ಳಿಯೂ ಬೆಳಗಾವಿಯ ಸಾಂಬ್ರಾವೂ ಮೊದಲೇ ಇದ್ದವು. 2019ರ ನವೆಂಬರಿನಲ್ಲಿ ಕಲಬುರಗಿ ಸೇರಿತು, 2023ರ ಫೆಬ್ರವರಿಯಲ್ಲಿ ಶಿವಮೊಗ್ಗ ನಿಲ್ದಾಣದ ಉದ್ಘಾಟನೆಯಾಯಿತು. ದುಡ್ಡಿದ್ದರೆ ರನ್‌ವೇ ಎರಡು ಮೂರು ವರ್ಷದಲ್ಲಿ ಏಳುತ್ತದೆ. ಆ ರನ್‌ವೇ ಮೇಲಿನ ಆಕಾಶವನ್ನು ಕಾಯುವ ನಿಯಂತ್ರಕರನ್ನು ಅಷ್ಟು ಸುಲಭವಾಗಿ ಎಬ್ಬಿಸಲಾಗದು.

ನಿಯಂತ್ರಕರ ಕೆಲಸದ ತಿರುಳನ್ನು ಎರಡು ಅಳತೆಗಳಲ್ಲಿ ಹೇಳಿಬಿಡಬಹುದು. ದೂರದ ಮಾರ್ಗದಲ್ಲಿ ರಾಡಾರ್ ಕಣ್ಣಿನಡಿ ಹಾರುವ ಎರಡು ವಿಮಾನಗಳ ನಡುವೆ ಒಂದೋ 1,000 ಅಡಿ ಎತ್ತರದ ಅಂತರ ಇರಬೇಕು, ಇಲ್ಲವೇ 5 ನಾಟಿಕಲ್ ಮೈಲಿ, ಅಂದರೆ ಸುಮಾರು 9.3 ಕಿಲೋಮೀಟರ್ ಅಡ್ಡ ಅಂತರ ಇರಬೇಕು. ನಿಲ್ದಾಣದ ಸಮೀಪದಲ್ಲಿ ಅಡ್ಡ ಅಂತರವನ್ನು 3 ನಾಟಿಕಲ್ ಮೈಲಿಗೆ ಇಳಿಸಲು ಅವಕಾಶವುಂಟು. ಓದಿದರೆ ಸರಳ. ಮಳೆಮೋಡ ಅಡ್ಡ ಬಂದಾಗ, ಒಬ್ಬ ಪೈಲಟ್ ದಾರಿ ಬದಲಿಸಲು ಕೇಳಿದಾಗ, ಇನ್ನೊಬ್ಬನ ರೇಡಿಯೊ ಕೇಳಿಸದಿದ್ದಾಗ, ಮೂರನೆಯ ವಿಮಾನದಲ್ಲಿ ಒಬ್ಬರಿಗೆ ಎದೆನೋವು ಬಂದು ತುರ್ತಾಗಿ ಇಳಿಯಬೇಕಾದಾಗ ಆ ಎರಡು ಅಳತೆಗಳನ್ನು ಒಂದು ಕ್ಷಣವೂ ಬಿಟ್ಟುಕೊಡದೆ ಇರುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಅದು ಬರಬೇಕಾದರೆ ನಿಯಂತ್ರಕ ಮೊದಲು ತಪ್ಪು ಮಾಡಬೇಕು. ನಿಜವಾದ ಆಕಾಶದಲ್ಲಿ ತಪ್ಪು ಮಾಡುವ ಹಾಗಿಲ್ಲ. ಸಿಮ್ಯುಲೇಟರ್ ಹುಟ್ಟಿದ್ದೇ ಅದಕ್ಕಾಗಿ.

ನಮ್ಮ ದೇಶದಲ್ಲಿ ಈ ತರಬೇತಿಯ ಹಳೆಯ ಮನೆ ಪ್ರಯಾಗ್‌ರಾಜ್‌ನ ನಾಗರಿಕ ವಿಮಾನಯಾನ ತರಬೇತಿ ಕಾಲೇಜು. 1948ರಲ್ಲಿ ಶುರುವಾದದ್ದು. ಹೈದರಾಬಾದಿನಲ್ಲಿ, ಗೊಂದಿಯಾದಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ಬೇರೆ ಕೇಂದ್ರಗಳಿವೆ.

ಸಿಮ್ಯುಲೇಟರ್ ಕೋಣೆ ಹೇಗಿರುತ್ತದೆ ಎಂದು ಸ್ವಲ್ಪ ಹೇಳುತ್ತೇನೆ. ಮಂದ ಬೆಳಕು. ಸಾಲಾಗಿ ಪರದೆಗಳು. ತಲೆಗೆ ಹೆಡ್‌ಸೆಟ್ ಹಾಕಿಕೊಂಡ, ತರಬೇತಿ ಪಡೆಯುವವರು ಪರದೆಯ ಮುಂದೆ, ಅವರ ಹಿಂದೆ ನಿಂತು ನೋಡುವ ಶಿಕ್ಷಕರು. ಪರದೆಯ ಮೇಲೆ ಪುಟ್ಟ ಗುರುತುಗಳು ಚಲಿಸುತ್ತಿರುತ್ತವೆ. ಪ್ರತಿ ಗುರುತಿನ ಪಕ್ಕ ವಿಮಾನದ ಕರೆಹೆಸರು, ಎತ್ತರ, ವೇಗ. ಗೋಡೆಯ ಆಚೆ ಇನ್ನೊಂದು ಕೋಣೆಯಲ್ಲಿ ಸ್ಯೂಡೋ ಪೈಲಟ್‌ಗಳು, ಅಂದರೆ ಪೈಲಟ್‌ನ ಪಾತ್ರ ವಹಿಸುವವರು, ಕೂತಿರುತ್ತಾರೆ. ತರಬೇತಿಯ ಹುಡುಗಿ ಮೈಕಿನಲ್ಲಿ ‘ಎಡಕ್ಕೆ ತಿರುಗಿ, 8,000 ಅಡಿಗೆ ಇಳಿಯಿರಿ’ ಎಂದು ಹೇಳಿದರೆ ಅವರು ಪೈಲಟ್‌ನ ಧಾಟಿಯಲ್ಲೇ ಅದನ್ನು ಮರುನುಡಿದು, ಕೀಬೋರ್ಡಿನಲ್ಲಿ ಅಪ್ಪಣೆಯನ್ನು ಒತ್ತುತ್ತಾರೆ. ಆಗ ಕಂಪ್ಯೂಟರಿನೊಳಗಿನ ವಿಮಾನ ತಿರುಗುತ್ತದೆ. ಒಬ್ಬೊಬ್ಬ ಸ್ಯೂಡೋ ಪೈಲಟ್ ಹಲವು ವಿಮಾನಗಳಿಗೆ ದನಿಯಾಗಿರುತ್ತಾರೆ. ಬೇಕೆಂದೇ ತಪ್ಪಾಗಿ ಮರುನುಡಿಯಲು ಶಿಕ್ಷಕರು ಗುಟ್ಟಾಗಿ ಸೂಚನೆ ಕೊಟ್ಟಿರುತ್ತಾರೆ. ತರಬೇತಿಯವರು ಅದನ್ನು ಹಿಡಿಯಬೇಕು.

ಹೇಳಿದ ಮಾತು ಸರಿಯಾಗಿ ತಲುಪುವುದಕ್ಕೆ ಇಷ್ಟು ಬೆಲೆ ಏಕೆ ಎಂಬುದಕ್ಕೆ ಹರಿಯಾಣದ ಚರ್ಖಿ ದಾದ್ರಿಯ ಹೊಲಗಳೇ ಸಾಕ್ಷಿ. 1996ರ ನವೆಂಬರ್ 12ರ ಸಂಜೆ ಸೌದಿಯ ಬೋಯಿಂಗ್ 747ಕ್ಕೆ ಕಝಾಕಸ್ತಾನದ ಇಲ್ಯೂಷಿನ್ ವಿಮಾನ ಆಕಾಶದಲ್ಲೇ ಡಿಕ್ಕಿ ಹೊಡೆದು 349 ಜನ ಸತ್ತರು. ನಿಯಂತ್ರಕ ಒಂದಕ್ಕೆ 14,000, ಇನ್ನೊಂದಕ್ಕೆ 15,000 ಅಡಿ ಎಂದು ಸರಿಯಾಗಿಯೇ ಹೇಳಿದ್ದರು. ಕಝಾಕ್ ವಿಮಾನ ತನಗೆ ಹೇಳಿದ ಎತ್ತರಕ್ಕಿಂತ ಕೆಳಗಿಳಿಯಿತು. ಆಗ ದೆಹಲಿಯ ನಿಯಂತ್ರಕರ ಮುಂದಿದ್ದ ರಾಡಾರ್ ವಿಮಾನ ಎಲ್ಲಿದೆ ಎಂದು ತೋರಿಸುತ್ತಿತ್ತು, ಎಷ್ಟು ಎತ್ತರದಲ್ಲಿದೆ ಎಂದು ತೋರಿಸುತ್ತಿರಲಿಲ್ಲ.

ಇನ್ನೊಂದು ಅಪಘಾತ ನನ್ನ ಕಸುಬಿಗೆ ಇನ್ನೂ ಹತ್ತಿರದ್ದು. 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್ಲಿಂಗನ್ ಊರಿನ ಮೇಲೆ ರಷ್ಯದ ಮಕ್ಕಳು ತುಂಬಿದ್ದ ಟುಪೊಲೆವ್ ವಿಮಾನಕ್ಕೂ ಸರಕು ಸಾಗಿಸುವ ಬೋಯಿಂಗ್ 757ಕ್ಕೂ ಡಿಕ್ಕಿಯಾಗಿ 71 ಜನ ಸತ್ತರು. ಆ ಭಾಗದ ಆಕಾಶ ಜ್ಯೂರಿಕ್ ಕೇಂದ್ರದ ಹೊಣೆಯಲ್ಲಿತ್ತು. ಒಬ್ಬರೇ ನಿಯಂತ್ರಕರು ಎರಡು ಪರದೆ ನೋಡುತ್ತಿದ್ದರು. ಅವತ್ತೇ ರಾತ್ರಿ ಎಂಜಿನಿಯರುಗಳು ರಾಡಾರ್ ಮಾಹಿತಿ ಸಂಸ್ಕರಿಸುವ ವ್ಯವಸ್ಥೆಯ ದುರಸ್ತಿಗೆ ಇಳಿದಿದ್ದರು. ಹಾಗಾಗಿ ಡಿಕ್ಕಿಯ ಮುನ್ನೆಚ್ಚರಿಕೆ ಪರದೆಯ ಮೇಲೆ ಬರಲಿಲ್ಲ. ಮುಖ್ಯ ಫೋನ್ ಮಾರ್ಗವೂ ಬಂದಾಗಿತ್ತು. ಕಾರ್ಲ್ಸ್‌ರೂಹ ಕೇಂದ್ರದವರಿಗೆ ಅಪಾಯ ಕಂಡು, ಫೋನ್ ಮಾಡಲು ಯತ್ನಿಸಿದರೂ ಸಂಪರ್ಕ ಸಿಗಲಿಲ್ಲ. ಪೈಲಟ್‌ಗಳು, ನಿಯಂತ್ರಕರು, ಎಚ್ಚರಿಕೆ ಯಂತ್ರ ಹೀಗೆ ಕಾರಣಗಳು ಹಲವು. ಆದರೆ ನನ್ನಂಥವರು ಆ ತನಿಖಾ ವರದಿಯಲ್ಲಿ ಮತ್ತೆ ಮತ್ತೆ ಓದುವುದು ದುರಸ್ತಿಯ ಭಾಗವನ್ನು. ಆ ರಾತ್ರಿ ಏನೇನು ಕೆಲಸ ಮಾಡುವುದಿಲ್ಲ ಎಂಬ ಪೂರ್ತಿ ತಿಳಿವಳಿಕೆ ಪರದೆಯ ಮುಂದೆ ಕೂತವರಿಗೆ ಇರಲಿಲ್ಲ. ತಿಳಿದಿದ್ದವರು ಬೇರೆ, ತಿಳಿಯಬೇಕಾಗಿದ್ದವರು ಬೇರೆ. ವ್ಯವಸ್ಥೆಯ ತಿಳಿವಳಿಕೆ ಕೆಲವರ ತಲೆಯಲ್ಲಿ ಉಳಿಯಬಾರದು, ಎಲ್ಲರೂ ಓದಬಹುದಾದ ಬರಹದಲ್ಲಿರಬೇಕು ಎಂಬುದೇ ಇವತ್ತು ನಾನು ಹೇಳಲು ಬಂದಿರುವ ಮಾತು.

ಈಗ ಸಿಮ್ಯುಲೇಟರಿನ ಒಳಕ್ಕೆ ಹೋಗೋಣ. ಒಂದು ಸರ್ವರ್ ವಿಮಾನಗಳನ್ನು ಹುಟ್ಟಿಸಿ ಹಾರಿಸುತ್ತದೆ. ಯಾವ ಮಾದರಿಯ ವಿಮಾನ ಎಷ್ಟು ವೇಗದಲ್ಲಿ ಏರುತ್ತದೆ, ಇಳಿಯುತ್ತದೆ, ತಿರುಗುತ್ತದೆ ಎಂಬ ಲೆಕ್ಕ ಅದಕ್ಕೆ ಬೇಕು. ಜಗತ್ತಿನ ಬಹಳಷ್ಟು ಕಡೆ ಯೂರೋಕಂಟ್ರೋಲ್ ಸಂಸ್ಥೆಯ ‘ಬಾಡಾ’ ಎಂಬ ಮಾಹಿತಿ ಸಂಚಯದಿಂದ ಆ ಲೆಕ್ಕ ಬರುತ್ತದೆ. ಇನ್ನೊಂದು ಸರ್ವರ್ ರಾಡಾರಿನ ಪಾತ್ರ ವಹಿಸುತ್ತದೆ: ನಿಲ್ದಾಣದ ರಾಡಾರ್ ನಾಲ್ಕೈದು ಸೆಕೆಂಡಿಗೊಮ್ಮೆ, ದೂರದ ರಾಡಾರ್ ಹತ್ತು ಹನ್ನೆರಡು ಸೆಕೆಂಡಿಗೊಮ್ಮೆ ಸುತ್ತುವುದನ್ನು ಹಾಗೆಯೇ ಅನುಕರಿಸಿ, ನಿಜವಾದ ರಾಡಾರ್ ಕಳಿಸುವ ನಮೂನೆಯಲ್ಲೇ ಸಂದೇಶ ಕಳಿಸುತ್ತದೆ. ಮೂರನೆಯದು ಧ್ವನಿಯದು. ಮತ್ತೊಂದು ಎಲ್ಲವನ್ನೂ ದಾಖಲಿಸಿಕೊಳ್ಳುತ್ತದೆ, ಪಾಠ ಮುಗಿದ ಮೇಲೆ ಹಿಂದಕ್ಕೆ ಓಡಿಸಿ ತೋರಿಸಲು.

ಇವೆಲ್ಲ ಸಾಮಾನ್ಯವಾಗಿ ನಿಯಂತ್ರಣ ಕೇಂದ್ರದ ಮುಖ್ಯ ವ್ಯವಸ್ಥೆಯ ಜೊತೆಗೇ ಖರೀದಿಯಾಗುತ್ತವೆ, ಅದರ ಜೊತೆಗೇ ಮುದಿಯಾಗುತ್ತವೆ. ಹತ್ತು ಹದಿನೈದು ವರ್ಷದ ಯಂತ್ರಕ್ಕೆ ಬಿಡಿಭಾಗ ಸಿಗುವುದಿಲ್ಲ. ಆಪರೇಟಿಂಗ್ ಸಿಸ್ಟಮ್ ತಯಾರಿಸಿದವರು ಭದ್ರತಾ ಪ್ಯಾಚ್ ಕೊಡುವುದನ್ನು ನಿಲ್ಲಿಸಿರುತ್ತಾರೆ. ಲೈಸೆನ್ಸ್ ಒಂದು ಪುಟ್ಟ ಕೀಲಿಯೊಳಗಿರುತ್ತದೆ. ಆ ಕೀಲಿಯನ್ನು ಚುಚ್ಚುವ ಹಳೆಯ ಪ್ರಿಂಟರ್ ಪೋರ್ಟ್ ಈಗಿನ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇಷ್ಟರ ಮೇಲೆ ಒಂದು ಕಾಲಚಕ್ರವಿದೆ. ವಿಮಾನ ಮಾರ್ಗ, ಬಿಂದುಗಳ ಹೆಸರು, ರೇಡಿಯೊ ತರಂಗಾಂತರ ಇವುಗಳ ಬದಲಾವಣೆಗಳು ಜಗತ್ತಿನಾದ್ಯಂತ 28 ದಿನಕ್ಕೊಮ್ಮೆ, ಒಂದೇ ನಿಗದಿತ ದಿನಾಂಕಕ್ಕೆ ಜಾರಿಗೆ ಬರುತ್ತವೆ. ವರ್ಷಕ್ಕೆ 13 ಸಲ. ಸಿಮ್ಯುಲೇಟರಿನ ನಕ್ಷೆಯೂ ಅಷ್ಟೇ ಸಲ ಬದಲಾಗಬೇಕು, ಅದೂ ಮುಂಚಿತವಾಗಿ. ಹೊಸ ಮಾರ್ಗವನ್ನು ಮೊದಲು ಇಲ್ಲಿ ಅಭ್ಯಾಸ ಮಾಡಿ ಆಮೇಲೆ ನಿಯಂತ್ರಕರು ಅಲ್ಲಿ ಕೂರಬೇಕಲ್ಲವೇ? ಸಿಮ್ಯುಲೇಟರ್ ಹಿಂದೆ ಬಿದ್ದರೆ ತರಬೇತಿಯವರು ನಿನ್ನೆಯ ಆಕಾಶವನ್ನು ಕಲಿತು ಇವತ್ತಿನ ಆಕಾಶ ಕಾಯಲು ಹೋಗುತ್ತಾರೆ.

ಒಂದು ಕೇಂದ್ರದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಊರು, ಹೆಸರು ಬೇಡ. ಒಬ್ಬ ತರಬೇತಿಯ ಹುಡುಗಿಗೆ ವಿಮಾನಗಳ ಅಂತರದ ಅಂದಾಜು ಸಾಲದು ಎಂದು ಶಿಕ್ಷಕರು ಮೇಲಿಂದ ಮೇಲೆ ಷರಾ ಬರೆಯುತ್ತಿದ್ದರು. ಆಕೆಯ ವಾದ ಒಂದೇ: ಒಂದು ರಾಡಾರಿನ ವ್ಯಾಪ್ತಿಯಿಂದ ಇನ್ನೊಂದರ ವ್ಯಾಪ್ತಿಗೆ ದಾಟುವಾಗ ವಿಮಾನ ಹಿಂದಕ್ಕೆ ಜಿಗಿಯುತ್ತದೆ. ಯಾರೂ ನಂಬಲಿಲ್ಲ. ದಾಖಲೆ ತೆಗೆದು ನೋಡಿದಾಗ ಎರಡನೆಯ ರಾಡಾರಿನ ಪಾತ್ರ ವಹಿಸುವ ಸರ್ವರಿನ ಗಡಿಯಾರ ಮೂರು ಸೆಕೆಂಡು ಹಿಂದಿತ್ತು. ಅದರೊಳಗಿನ ಬ್ಯಾಟರಿ ಸತ್ತಾಗ ಯಾರೋ ಹೊಸದು ಹಾಕಿ ಕೈಯಿಂದ ಗಂಟೆ ಹೊಂದಿಸಿದ್ದರು. ಗಂಟೆಗೆ 830 ಕಿಲೋಮೀಟರ್ ವೇಗದ ವಿಮಾನ ಮೂರು ಸೆಕೆಂಡಿಗೆ ಹೆಚ್ಚುಕಡಿಮೆ 690 ಮೀಟರ್ ಹೋಗುತ್ತದೆ. ಈ ದತ್ತಿಯ ಮಾಸ್ತರರು ಇದ್ದಿದ್ದರೆ ಹಲಗೆಯ ಮೇಲೆ ಈ ಲೆಕ್ಕ ಮಾಡಿಸುತ್ತಿದ್ದರು. ಯಂತ್ರದ ತಪ್ಪು ಆ ಹುಡುಗಿಯ ಲೆಕ್ಕಕ್ಕೆ ಹೋಗಿತ್ತು. ಷರಾ ತಿದ್ದಿದರು, ಆಕೆ ಮುಂದೆ ಪಾಸಾದಳು. ಆದರೆ ಹಾಗೆ ಪತ್ತೆಯಾಗದೆ ಉಳಿದ ತಪ್ಪುಗಳು ಎಷ್ಟು ಜನರ ಕೈಯನ್ನು ಅಡ್ಡದಾರಿಗೆ ಎಳೆದಿರಬಹುದು ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ.

ಇಂಥ ತಪ್ಪು ತಡೆಯುವ ಆಟೊಮೇಷನ್ ಎಂದರೆ ಮೊದಲಿಗೆ ಇಷ್ಟೇ: ಆ ಸರ್ವರ್ ಹೇಗಿರಬೇಕು ಎಂಬುದನ್ನು ಒಂದು ಕಡತದಲ್ಲಿ ಬರೆಯುವುದು. ಎಲ್ಲ ಯಂತ್ರಗಳೂ ಒಂದೇ ಮೂಲದಿಂದ ಸಮಯ ಪಡೆಯಲಿ. ಇಂಥ ಸಾಫ್ಟ್‌ವೇರಿನ ಇಂಥದೇ ಆವೃತ್ತಿ ಇರಲಿ. ಜಾಲದ ಈ ಬಾಗಿಲು ತೆರೆದಿರಲಿ, ಉಳಿದವು ಮುಚ್ಚಿರಲಿ. ಬರೆದದ್ದನ್ನು ಒಂದು ಉಪಕರಣ ಓದಿ ಯಂತ್ರದ ಈಗಿನ ಸ್ಥಿತಿಯೊಡನೆ ಹೋಲಿಸುತ್ತದೆ, ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಷ್ಟೇ ತಿದ್ದುತ್ತದೆ. ಹತ್ತು ಸಲ ಓಡಿಸಿದರೂ ಫಲ ಒಂದೇ. 2005ರಲ್ಲಿ ಬಂದ ಪಪೆಟ್, 2012ರ ಆನ್ಸಿಬಲ್, 2014ರ ಟೆರಾಫಾರ್ಮ್ ಈ ಜಾತಿಯ ಉಪಕರಣಗಳು. ಬರೆದ ಕಡತಗಳು ಗಿಟ್ ಎಂಬ ದಫ್ತರದಲ್ಲಿರುತ್ತವೆ. ಯಾರು, ಯಾವಾಗ, ಯಾಕೆ ಯಾವ ಸಾಲು ಬದಲಿಸಿದರು ಎಂಬುದು ಅಲ್ಲಿ ಅಳಿಯದೆ ಉಳಿಯುತ್ತದೆ. ಮೇಲಿನ ಗಡಿಯಾರಕ್ಕೆ ಪರಿಹಾರವಾದದ್ದು ಅಂಥ ಕಡತದ ಕೆಲವೇ ಸಾಲು. ಈಗ ಅಲ್ಲಿ ಬೆಳಗಿನ ತರಗತಿಗೆ ಮುಂಚೆ ಎಲ್ಲ ಗಡಿಯಾರಗಳ ತಾಳೆ ತಾನಾಗಿಯೇ ನಡೆಯುತ್ತದೆ. ಹೊಂದದಿದ್ದರೆ ಪಾಠ ಶುರುವಾಗುವುದೇ ಇಲ್ಲ.

ಕಷ್ಟವಿರುವುದು ಹಳೆಯದನ್ನು ಹೊಸದಕ್ಕೆ ಒಯ್ಯುವುದರಲ್ಲಿ. ತರಬೇತಿ ನಿಲ್ಲುವ ಹಾಗಿಲ್ಲ. ಬಾಗಲಕೋಟೆ ಸೀಮೆಯವರಿಗೆ ನಾನು ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಊರು ಹೋಗುವಾಗ ನವನಗರ ಒಂದೇ ದಿನಕ್ಕೆ ತುಂಬಲಿಲ್ಲ. ಅಲ್ಲಿ ಮನೆ ಏಳುತ್ತಿರುವಾಗ ಇಲ್ಲಿ ಪ್ಯಾಟಿ ನಡೆಯುತ್ತಿತ್ತು. ಒಂದು ಓಣಿ ಎದ್ದು ಹೋದರೆ ಇನ್ನೊಂದು ಓಣಿ ಇಲ್ಲೇ ಉಳಿದಿತ್ತು. ಎರಡು ಊರುಗಳ ನಡುವೆ ಜನ ವರ್ಷಗಟ್ಟಲೆ ಓಡಾಡಿದರು. ನಾವೂ ಹಾಗೇ ಮಾಡುತ್ತೇವೆ. ಮೊದಲು ದಾಖಲೆಯ ಸರ್ವರನ್ನು ಒಯ್ಯುತ್ತೇವೆ, ಅದು ನೆಲೆ ನಿಂತ ಮೇಲೆ ಧ್ವನಿಯದು, ಕೊನೆಗೆ ವಿಮಾನ ಹಾರಿಸುವುದು. ಅಲ್ಲಿಯವರೆಗೆ ಹಳೆಯದಕ್ಕೂ ಹೊಸದಕ್ಕೂ ಮಾತು ನಡೆಯುತ್ತಲೇ ಇರಬೇಕು.

ಹೊಸದು ಸರಿಯಾಗಿದೆ ಎಂದು ತಿಳಿಯುವುದು ಹೇಗೆ? ಹಳೆಯ ಪಾಠವೊಂದನ್ನು ಎರಡರಲ್ಲೂ ಓಡಿಸಿ, ಪ್ರತಿ ಸೆಕೆಂಡಿಗೆ ಪ್ರತಿ ವಿಮಾನ ಎಲ್ಲಿದೆ ಎಂದು ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಮನುಷ್ಯರು ಕೂತು ನೋಡಿದರೆ ವಾರಗಳು ಬೇಕು. ಪ್ರೋಗ್ರಾಂ ರಾತ್ರಿಯಿಡೀ ನೂರಾರು ಪಾಠ ಓಡಿಸಿ ಬೆಳಿಗ್ಗೆ ವ್ಯತ್ಯಾಸದ ಪಟ್ಟಿ ಕೊಡುತ್ತದೆ. ಒಮ್ಮೆ ಹೀಗೆ ನೋಡಿದಾಗ ಒಂದೇ ಮಾದರಿಯ ವಿಮಾನಗಳು ಹೊಸದರಲ್ಲಿ ತುಸು ನಿಧಾನವಾಗಿ ಮೇಲೇರುತ್ತಿದ್ದವು. ಹುಡುಕಿದಾಗ ತಿಳಿದದ್ದು, ವಿಮಾನದ ಲೆಕ್ಕಾಚಾರದ ಕಡತದ ಎರಡು ಬೇರೆ ಆವೃತ್ತಿಗಳು ಸೇರಿಕೊಂಡಿದ್ದವು. ಕಣ್ಣಿಗೆ ಕಾಣದ ವ್ಯತ್ಯಾಸ, ಆದರೆ ಅದರ ಮೇಲೆ ಅಭ್ಯಾಸ ಮಾಡಿದವರ ಅಂದಾಜು ನಿಜವಾದ ಆಕಾಶದಲ್ಲಿ ತಪ್ಪುತ್ತಿತ್ತು.

ಬೇಕಾದಾಗ ಬೇಕಾದ ಆಕಾಶವನ್ನು ಬೇಗ ಕಟ್ಟಿಕೊಳ್ಳುವುದು ಎಲ್ಲವನ್ನೂ ಬರಹದಲ್ಲಿಡುವುದರಿಂದ ಬರುವ ಮತ್ತೊಂದು ಲಾಭ. 2022ರ ಜನವರಿಯ ಒಂದು ಬೆಳಿಗ್ಗೆ ಬೆಂಗಳೂರಿನ ಎರಡು ರನ್‌ವೇಗಳಿಂದ ಒಂದೇ ಹೊತ್ತಿಗೆ ಎರಡು ಇಂಡಿಗೊ ವಿಮಾನ ಮೇಲೆದ್ದು ಪರಸ್ಪರ ಸಮೀಪಕ್ಕೆ ಬಂದವು. ರಾಡಾರ್ ನಿಯಂತ್ರಕರು ಬೇರೆ ಬೇರೆ ದಿಕ್ಕಿಗೆ ತಿರುಗಲು ಹೇಳಿ ಡಿಕ್ಕಿ ತಪ್ಪಿಸಿದರು. ಅವತ್ತು ರನ್‌ವೇ ಬಳಸುವ ಕ್ರಮ ಬದಲಾದದ್ದು ಎಲ್ಲರಿಗೂ ತಲುಪಿರಲಿಲ್ಲ. ಇಂಥ ಬೆಳಗನ್ನು ಸಿಮ್ಯುಲೇಟರಿನಲ್ಲಿ ಮತ್ತೆ ಕಟ್ಟಿ, ಆ ಹೊಣೆ ಹೊರುವ ಪ್ರತಿಯೊಬ್ಬರೂ ಒಮ್ಮೆ ದಾಟಿ ಬರುವಂತೆ ಮಾಡಬೇಕು. ಅದಕ್ಕೆ ತಿಂಗಳುಗಳು ಹಿಡಿದರೆ ಘಟನೆಯ ಬಿಸಿ ಆರಿರುತ್ತದೆ. ಯಂತ್ರ, ನಕ್ಷೆ, ಪಾಠ ಎಲ್ಲವೂ ಬರಹದಲ್ಲಿದ್ದರೆ ಒಂದೆರಡು ದಿನದ ಕೆಲಸ.

ಆಟೊಮೇಷನ್ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಕೈಯಿಂದ ಮಾಡಿದ ತಪ್ಪು ಒಂದು ಯಂತ್ರಕ್ಕೆ ನಿಲ್ಲುತ್ತದೆ, ಪ್ರೋಗ್ರಾಮಿನ ತಪ್ಪು ಎಲ್ಲ ಯಂತ್ರಗಳಿಗೂ ಒಟ್ಟಿಗೆ ಹೋಗುತ್ತದೆ. 2023ರ ಜನವರಿ 11ರಂದು ಅಮೆರಿಕದಾದ್ಯಂತ ವಿಮಾನಗಳ ನಿರ್ಗಮನವನ್ನೇ ತಡೆಹಿಡಿಯಬೇಕಾಯಿತು. ಪೈಲಟ್‌ಗಳಿಗೆ ಸೂಚನೆ ಕಳಿಸುವ ವ್ಯವಸ್ಥೆಯ ಮುಖ್ಯ ದತ್ತಾಂಶವನ್ನೂ ಬ್ಯಾಕಪ್ ದತ್ತಾಂಶವನ್ನೂ ಸರಿಹೊಂದಿಸುವಾಗ ಗುತ್ತಿಗೆಯ ಸಿಬ್ಬಂದಿಯಿಂದ ಕಡತಗಳು ಅಳಿಸಿಹೋಗಿದ್ದವು. ಅದೇ ವರ್ಷದ ಆಗಸ್ಟ್ 28ರಂದು ಬ್ರಿಟನ್ನಿನಲ್ಲಿ ಒಂದೇ ಒಂದು ವಿಮಾನದ ಯೋಜನೆಪತ್ರ ಇಡೀ ವ್ಯವಸ್ಥೆಯನ್ನು ನಿಲ್ಲಿಸಿತು. ಆ ಪತ್ರದಲ್ಲಿದ್ದ ಎರಡು ಬಿಂದುಗಳಿಗೆ ಒಂದೇ ಸಂಕೇತ: ಒಂದು ಫ್ರಾನ್ಸಿನ ದೋವಿಲ್, ಇನ್ನೊಂದು ಅಮೆರಿಕದ ಡೆವಿಲ್ಸ್ ಲೇಕ್. ಮುಖ್ಯ ಯಂತ್ರ ಗೊಂದಲಕ್ಕೆ ಬಿದ್ದು ಕೈಚೆಲ್ಲಿತು. ಬ್ಯಾಕಪ್ ಯಂತ್ರಕ್ಕೂ ಅದೇ ಸಾಫ್ಟ್‌ವೇರ್, ಅದೇ ಪತ್ರ, ಅದೂ ಕೈಚೆಲ್ಲಿತು. 7 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರಿಗೆ ತೊಂದರೆಯಾಯಿತು. 2025ರ ನವೆಂಬರಿನಲ್ಲಿ ನಮ್ಮ ದೆಹಲಿಯಲ್ಲೇ ಸಂದೇಶ ರವಾನೆಯ ವ್ಯವಸ್ಥೆ ಕೆಟ್ಟು, ಯೋಜನೆಪತ್ರಗಳನ್ನು ಕೈಯಿಂದ ನಿಭಾಯಿಸಬೇಕಾಗಿ ಬಂದು ನೂರಾರು ವಿಮಾನಗಳು ತಡವಾದವು.

ಹೀಗಾಗಿ ನಮ್ಮ ಕಸುಬಿನಲ್ಲಿ ಕೆಲವು ಕಟ್ಟಳೆಗಳಿವೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪದೆ ಅದು ಯಂತ್ರಕ್ಕೆ ಹೋಗಬಾರದು. ಮೊದಲು ಒಂದು ಪರೀಕ್ಷಾ ಯಂತ್ರ, ಆಮೇಲೆ ಒಂದು ತರಗತಿ, ಆಮೇಲೆ ಉಳಿದವು. ಹಿಂದಕ್ಕೆ ಬರುವ ದಾರಿಯನ್ನು ಮುಂದಕ್ಕೆ ಹೋಗುವ ಮೊದಲೇ ನಡೆದು ನೋಡಿರಬೇಕು. ಸಿಮ್ಯುಲೇಟರಿನ ಜಾಲಕ್ಕೂ ನಿಜವಾದ ನಿಯಂತ್ರಣದ ಜಾಲಕ್ಕೂ ನಡುವೆ ತಂತಿಯೇ ಇರಬಾರದು. ತರಬೇತಿಯ ವಿಮಾನ ಅಪ್ಪಿತಪ್ಪಿಯೂ ನಿಜದ ಪರದೆಯ ಮೇಲೆ ಮೂಡಬಾರದು. ನನ್ನ ಮಟ್ಟಿಗೆ ಇವುಗಳಲ್ಲಿ ಮೊದಲನೆಯದೇ ದೊಡ್ಡದು. ಕಿರಿಯ ಎಂಜಿನಿಯರ್ ಒಬ್ಬಳು ಹಿರಿಯನ ಬರಹ ಓದಿ ‘ಸರ್, ಈ ಸಾಲು ತಪ್ಪು’ ಎಂದು ಧೈರ್ಯವಾಗಿ ಹೇಳುವ ವಾತಾವರಣ ಇಲ್ಲದ ಕಡೆ ಯಾವ ಉಪಕರಣ ತಂದರೂ ಪ್ರಯೋಜನ ಕಡಿಮೆ.

ಇದು ದೂರದ ದೇಶಗಳ ವಿದ್ಯೆ ಎಂದು ವಿದ್ಯಾರ್ಥಿಗಳು ತಿಳಿಯಬಾರದು. ಅಮೆರಿಕದ ಇಡೀ ಆಕಾಶದ ಸಾವಿರಾರು ವಿಮಾನಗಳನ್ನು ಒಂದು ಸಾಮಾನ್ಯ ಕಂಪ್ಯೂಟರಿನಲ್ಲಿ ಓಡಿಸಿ ನೋಡಬಲ್ಲ ‘ಫ್ಯಾಸೆಟ್’ ಎಂಬ ಸಿಮ್ಯುಲೇಷನ್ ಸಾಫ್ಟ್‌ವೇರ್ ನಾಸಾದ ಏಮ್ಸ್ ಕೇಂದ್ರದಲ್ಲಿ ತಯಾರಾಯಿತು. 2006ರಲ್ಲಿ ನಾಸಾದ ವರ್ಷದ ಸಾಫ್ಟ್‌ವೇರ್ ಪ್ರಶಸ್ತಿ ಅದಕ್ಕೆ ಬಂತು. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಬಾಣಾವರ ಶ್ರೀಧರ್ ಎಂಜಿನಿಯರಿಂಗ್ ಪದವಿ ಪಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಬೆಂಗಳೂರಿನಲ್ಲೇ 1954ರಲ್ಲಿ ಹುಟ್ಟಿದ ಬಿಇಎಲ್ ಕಂಪನಿಯೂ ವಿಮಾನ ನಿಲ್ದಾಣ ಪ್ರಾಧಿಕಾರವೂ ಸೇರಿ ದೇಶದ್ದೇ ಆದ ವಿಮಾನ ಸಂಚಾರ ನಿರ್ವಹಣಾ ವ್ಯವಸ್ಥೆ ಕಟ್ಟಲು 2021ರ ಜೂನ್‌ನಲ್ಲಿ ಒಪ್ಪಂದ ಮಾಡಿಕೊಂಡವು. ನಮ್ಮದೇ ವ್ಯವಸ್ಥೆ ಬಂದರೆ ಅದರ ಸಿಮ್ಯುಲೇಟರೂ ನಮ್ಮದೇ ಆಗಬೇಕು. ಅದನ್ನು ಸಜ್ಜಾಗಿಡುವ ಕೈಗಳೂ ಬೇಕು. 1963ರಿಂದ ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿ ಓದಿದವರು ಬೆಂಗಳೂರಿನ ಎಷ್ಟೋ ಕಂಪನಿಗಳಲ್ಲಿದ್ದಾರೆ. ಬ್ಯಾಂಕಿಗೆ, ಅಂಗಡಿಯ ಆಪ್‌ಗೆ ಸರ್ವರ್ ಕಟ್ಟುವ ವಿದ್ಯೆಯೇ ಇಲ್ಲಿಗೂ ಬೇಕಾದದ್ದು. ಹೆಚ್ಚಿಗೆ ಬೇಕಾಗುವುದು ತಾಳ್ಮೆ, ಮತ್ತು ಪರದೆಯ ಮುಂದೆ ಕೂತ ನಿಯಂತ್ರಕರ ಕಷ್ಟ ಏನೆಂದು ಪಕ್ಕದಲ್ಲಿ ಕೂತು ನೋಡುವ ಮನಸ್ಸು.

ಶುರು ಮಾಡಲು ಬೆಂಗಳೂರಿಗೂ ಹೋಗಬೇಕಿಲ್ಲ. ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದವರು ‘ಬ್ಲೂಸ್ಕೈ’ ಎಂಬ ವಿಮಾನ ಸಂಚಾರ ಸಿಮ್ಯುಲೇಟರನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿದ್ದಾರೆ. ಪೈಥಾನ್ ಭಾಷೆಯಲ್ಲಿದೆ, ಕಾಲೇಜಿನ ಲ್ಯಾಬಿನ ಕಂಪ್ಯೂಟರಿನಲ್ಲಿ ಓಡುತ್ತದೆ. ಬಾಡಾ ಬಳಸಲು ಪರವಾನಗಿ ಬೇಕು. ಅದಿಲ್ಲದವರಿಗೆ ಅದೇ ವಿಶ್ವವಿದ್ಯಾಲಯದ ‘ಓಪನ್‌ಎಪಿ’ ಎಂಬ ಮುಕ್ತ ಲೆಕ್ಕಾಚಾರವಿದೆ. ಪಾಠಗಳನ್ನು ಸಾದಾ ಅಕ್ಷರದ ಕಡತದಲ್ಲಿ ಸಾಲು ಸಾಲಾಗಿ ಬರೆಯಬೇಕು: ಇಷ್ಟು ಹೊತ್ತಿಗೆ, ಇಂಥ ವಿಮಾನ, ಇಂಥ ಜಾಗದಲ್ಲಿ, ಇಷ್ಟು ಎತ್ತರ, ಇಷ್ಟು ವೇಗ.

ಲ್ಯಾಬಿನವರು ಮೊದಲ ವಾರ ಹೀಗೆ ಮಾಡಲಿ. ಕಲಾದಗಿ ಇರುವುದು ಸರಿಸುಮಾರು 16.2 ಡಿಗ್ರಿ ಅಕ್ಷಾಂಶ, 75.5 ಡಿಗ್ರಿ ರೇಖಾಂಶದಲ್ಲಿ. ಒಂದು ವಿಮಾನವನ್ನು ಬೆಳಗಾವಿ ಕಡೆಯಿಂದ, ಇನ್ನೊಂದನ್ನು ಹುಬ್ಬಳ್ಳಿ ಕಡೆಯಿಂದ, ಎರಡನ್ನೂ 25,000 ಅಡಿಯಲ್ಲಿ, ಈ ಬಿಂದುವಿನ ಮೇಲೆ ಒಂದೇ ಹೊತ್ತಿಗೆ ಬರುವ ಹಾಗೆ ಹಾರಿಸಿ. ಡಿಕ್ಕಿಯ ಎಚ್ಚರಿಕೆ ಬಂದು ಗುರುತುಗಳ ಬಣ್ಣ ಬದಲಾಗುವುದು ಎಷ್ಟನೆಯ ಸೆಕೆಂಡಿಗೆ ಎಂದು ಬರೆದಿಟ್ಟುಕೊಳ್ಳಿ. ಎರಡನೆಯ ವಾರ ಆ ಕಂಪ್ಯೂಟರಿನಲ್ಲಿರುವುದನ್ನೆಲ್ಲ ಅಳಿಸಿಬಿಡಿ. ಆಪರೇಟಿಂಗ್ ಸಿಸ್ಟಮ್ ಒಂದನ್ನು ಮತ್ತೆ ಹಾಕಿಕೊಂಡು, ಅದರ ಮೇಲೆ ಸಿಮ್ಯುಲೇಟರಿನವರೆಗೆ ಎಲ್ಲವನ್ನೂ ನೀವೇ ಬರೆದ ಆನ್ಸಿಬಲ್ ಕಡತದಿಂದ, ಬೇರೆ ಯಾವುದನ್ನೂ ಕೈಯಿಂದ ಮುಟ್ಟದೆ ಕಟ್ಟಿ, ಅದೇ ಪಾಠವನ್ನು ಓಡಿಸಿ. ಬಣ್ಣ ಅದೇ ಸೆಕೆಂಡಿಗೆ ಬದಲಾಗದಿದ್ದರೆ, ಯಾಕೆ ಎಂದು ಹುಡುಕಲು ಕೂತುಕೊಳ್ಳಿ. ಎರಡೂ ಕಡತಗಳ ಮಾದರಿಯನ್ನು ಪೆನ್‌ಡ್ರೈವಿನಲ್ಲಿ ತಂದಿದ್ದೇನೆ, ಸಂಘಟಕರ ಕೈಗೆ ಕೊಟ್ಟು ಹೋಗುತ್ತೇನೆ.